ಮನಃಶಾಸ್ತ್ರೀಯ ಪ್ರಯೋಗ: ಪೂರ್ವಗ್ರಹಕ್ಕೆ ಎಡೆಗೊಡದ ವಿನ್ಯಾಸ

ಮನಸ್ಸು ಹಾಗೂ ವರ್ತನೆಗಳ ಕುರಿತಾದ ಊಹೆಯೊಂದನ್ನು ನಿಯಂತ್ರಿತ ಸನ್ನಿವೇಶದಲ್ಲಿ ಒರೆಗೆ ಹಚ್ಚುವ ವಿಧಾನವೇ ಮನಃಶಾಸ್ತ್ರೀಯ ಪ್ರಯೋಗ. ಒಂದು ಅಂಶವನ್ನು ಮಾತ್ರ ಬದಲಿಸಿ, ಉಳಿದುದೆಲ್ಲವನ್ನೂ ಸಮವಾಗಿರಿಸಿ, ಪರಿಣಾಮವನ್ನು ಅಳೆಯುವುದು ಇದರ ತಿರುಳು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ ಅವರ ನೇತೃತ್ವದಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ಅಂದಿನಿಂದ ಈ ಶಾಸ್ತ್ರದ ಅಧ್ಯಯನ ಕನ್ನಡನಾಡಿನಲ್ಲಿ ನಡೆದುಬಂದಿದೆ.

ಗುಂಪುಗಳ ಹಂಚಿಕೆ: ಮುಂಜಾನೆಯ ಓದು ರಾತ್ರಿಯ ಓದಿಗಿಂತ ಹೆಚ್ಚು ನೆನಪಿನಲ್ಲಿ ಉಳಿಯುವುದೇ ಎಂದು ಪರೀಕ್ಷಿಸಬೇಕಿದೆ ಎನ್ನೋಣ. ಚನ್ನಗಿರಿಯ ಮಕ್ಕಳಿಗೆಲ್ಲ ಮುಂಜಾನೆ, ಜಗಳೂರಿನ ಮಕ್ಕಳಿಗೆಲ್ಲ ರಾತ್ರಿ ಎಂದು ಗೊತ್ತುಪಡಿಸಿದರೆ ಪ್ರಯೋಗ ಕೆಡುತ್ತದೆ. ಅಡಿಕೆ ತೋಟಗಳ ಸೀಮೆಗೂ ಮಳೆಯನ್ನೇ ನಂಬಿದ ಸೀಮೆಗೂ ಇರುವ ಅಂತರವು ಓದಿನ ವೇಳೆಯ ಪರಿಣಾಮದೊಡನೆ ಬೆರೆತುಹೋಗುತ್ತದೆ. ಆದ್ದರಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ತಾಲ್ಲೂಕುಗಳ ಪ್ರತಿ ಶಾಲೆಯೊಳಗೇ ಚೀಟಿ ಎತ್ತಿ ಮಕ್ಕಳನ್ನು ಎರಡು ಗುಂಪಾಗಿಸಬೇಕು. ಪೋಷಕರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು.

ಮರೆಮಾಚುವಿಕೆ: ಬರ್ಲಿನ್‌ನಲ್ಲಿ ಹ್ಯಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕಕ್ಕೆ ಉತ್ತರ ಹೇಳುತ್ತದೆಂದು ಪ್ರಸಿದ್ಧವಾಗಿತ್ತು. ಪ್ರಶ್ನಿಸುವವನಿಗೇ ಉತ್ತರ ತಿಳಿಯದಿದ್ದಾಗ ಕುದುರೆಯೂ ಸೋಲುವುದನ್ನು ಆಸ್ಕರ್ ಫಂಗ್‌ಸ್ಟ್ 1907ರಲ್ಲಿ ತೋರಿಸಿದರು. ಕೇಳುವವರ ಅರಿವಿಲ್ಲದ ಸೂಕ್ಷ್ಮ ಚಲನೆಗಳೇ ಅದಕ್ಕೆ ಸೂಚನೆಯಾಗಿದ್ದವು. ಈ ಕಾರಣದಿಂದ ಅಂಕ ನೀಡುವವರಿಗೆ ಯಾರು ಯಾವ ಗುಂಪಿನವರೆಂಬುದು ತಿಳಿಯಬಾರದು.

ಸಂಖ್ಯೆಯ ಎಚ್ಚರ: ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಬೋಧಪ್ರದ. ತೀವ್ರ ಖಿನ್ನತೆಯ 45 ರೋಗಿಗಳನ್ನು ಯಾದೃಚ್ಛಿಕವಾಗಿ 15 ಜನರ ಮೂರು ಗುಂಪಾಗಿಸಿ ವಿದ್ಯುತ್ ಕಂಪನ ಚಿಕಿತ್ಸೆ, ಇಮಿಪ್ರಮಿನ್ ಔಷಧಿ ಹಾಗೂ ಸುದರ್ಶನ ಕ್ರಿಯೆಗಳನ್ನು ಹೋಲಿಸಲಾಯಿತು. ನಾಲ್ಕು ವಾರಗಳ ಬಳಿಕ ರೋಗ ಶಮನವಾದವರ ಪ್ರಮಾಣ ಅನುಕ್ರಮವಾಗಿ ಶೇ 93, 73 ಮತ್ತು 67. ಹಂಚಿಕೆ ಕ್ರಮಬದ್ಧ. ಆದರೆ 15 ಜನರಲ್ಲಿ ಶೇ 73 ಎಂದರೆ 11 ಮಂದಿ, ಶೇ 67 ಎಂದರೆ 10 ಮಂದಿ. ಔಷಧಿಗೂ ಕ್ರಿಯೆಗೂ ನಡುವಿನ ಅಂತರ ಒಬ್ಬನೇ ರೋಗಿ! ಉಸಿರಾಟದ ಅಭ್ಯಾಸವನ್ನು ಮಾಡುವವರಿಂದಲೇ ಮರೆಮಾಚುವುದೂ ಅಸಾಧ್ಯ. ಆದುದರಿಂದ ಇಂತಹ ಫಲಿತಾಂಶವು ಹೆಚ್ಚಿನ ಸಂಶೋಧನೆಗೆ ಪ್ರೇರಣೆಯೇ ಹೊರತು, ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸಲು ಆಧಾರವಲ್ಲ.

ಮುನ್ನಿರ್ಧಾರ ಮತ್ತು ಪುನರಾವರ್ತನೆ: ಏನನ್ನು ಅಳೆಯಲಾಗುವುದು, ಎಷ್ಟು ಜನರನ್ನು ಆಯ್ದುಕೊಳ್ಳಲಾಗುವುದು, ಯಾವ ಲೆಕ್ಕಾಚಾರ ಬಳಸಲಾಗುವುದು ಎಂಬುದನ್ನು ಪ್ರಯೋಗಕ್ಕೆ ಮುನ್ನವೇ ಬರೆದಿಡಬೇಕು. ಫಲಿತಾಂಶ ಕಂಡ ಮೇಲೆ ಊಹೆಯನ್ನು ತಿದ್ದುವುದು, ಇಷ್ಟವಿಲ್ಲದ ಅಂಕಿಗಳನ್ನು ಕೈಬಿಡುವುದು ಸಲ್ಲದು. ಮನಃಶಾಸ್ತ್ರದ 100 ಪ್ರಕಟಿತ ಅಧ್ಯಯನಗಳನ್ನು ಮರುನಡೆಸಿದ ಅಂತರರಾಷ್ಟ್ರೀಯ ತಂಡವೊಂದು, ಸುಮಾರು ಶೇ 36ರಷ್ಟರಲ್ಲಿ ಮಾತ್ರ ಗಣನೀಯ ಪರಿಣಾಮ ಮರಳಿ ದೊರೆಯಿತೆಂದು 2015ರಲ್ಲಿ ವರದಿ ಮಾಡಿತು. ತನ್ನ ಊಹೆ ಸುಳ್ಳಾಗಲು ಪೂರ್ಣ ಅವಕಾಶವಿತ್ತ ಪ್ರಯೋಗವೇ ನಂಬಲರ್ಹವಾದುದು.