ಅರಳಿ ರೇಟು ಮತ್ತು ಐದನೇ ಸ್ಥಾನ

2022ರಲ್ಲಿ ಭಾರತದ ಜಿಡಿಪಿ ಬ್ರಿಟನ್ನನ್ನು ದಾಟಿ ಜಗತ್ತಿನಲ್ಲಿ ಐದನೇ ಸ್ಥಾನಕ್ಕೆ ಬಂತಲ್ಲ, ಆವತ್ತು ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಅದೇ ಮಾತು. ಜಪಾನ್ ಯಾವಾಗ, ಜರ್ಮನಿ ಯಾವಾಗ ಅಂತ ಎಕ್ಸೆಲ್‌ನಲ್ಲಿ ಗೆರೆ ಎಳೆದು ತೋರಿಸಿದವನು ನಾನೇ. ರಾತ್ರಿ ಮುಂಡರಗಿ ಹತ್ತಿರದ ನಮ್ಮೂರಿಗೆ ಫೋನ್ ಮಾಡಿ ಅಪ್ಪಗೂ ಹೇಳಿದೆ.

"ಚಲೋ ಆತು ಬಿಡು. ಅರಳಿ ರೇಟ್ ಏನರ ಏರತೈತೇನು?" ಅಂದ.

ಅರಳಿ ಅಂದ್ರೆ ನಮ್ಮ ಕಡೆ ಹತ್ತಿ. ನಕ್ಕು ಫೋನಿಟ್ಟೆ. ಆದರೆ ಆ ಪ್ರಶ್ನೆ ನಮ್ಮ ಎರೆ ಹೊಲಗಳಲ್ಲಿ ನೂರೈವತ್ತು ವರ್ಷಕ್ಕೂ ಹಳೇದು.

ಧಾರವಾಡ ಸೀಮೆಗೆ ಕಂಪನಿ ಸರಕಾರ 1840ರ ದಶಕದಲ್ಲೇ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿ ಬೀಜ ತಂದಿತ್ತು. ಮುಂದೆ ಅದೇ 'ಧಾರವಾಡ-ಅಮೆರಿಕನ್' ಅನ್ನೋ ಹೆಸರು ಹೊತ್ತು ಇಂಗ್ಲೆಂಡಿಗೆ ಹೋಯ್ತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಿತು, ಲ್ಯಾಂಕಶೈರ್ ಗಿರಣಿಗಳು ನಮ್ಮ ಕಡೆ ತಿರುಗಿದವು, ರೇಟು ಮುಗಿಲು ಮುಟ್ಟಿತು. 1864ರಲ್ಲಿ ಯಾರಾದರೂ ನನ್ನಂಗೆ ಗೆರೆ ಎಳೆದಿದ್ದರೆ ಇಷ್ಟೊತ್ತಿಗೆ ಗದಗ ಮ್ಯಾಂಚೆಸ್ಟರ್ ಆಗಬೇಕಿತ್ತು! 1865ರಲ್ಲಿ ಯುದ್ಧ ಮುಗಿಯಿತು, ರೇಟು ಬಿತ್ತು, ಮುಂಬೈಯಲ್ಲಿ ಬ್ಯಾಂಕುಗಳೇ ಮುಳುಗಿದವು. ಹತ್ತು-ಹನ್ನೆರಡು ವರ್ಷದಲ್ಲಿ 1876-78ರ ಬರ. ಗದಗಕ್ಕೆ ರೈಲು ಬಂದದ್ದು ಅದೆಲ್ಲ ಮುಗಿದ ಮೇಲೆ, 1884ರಲ್ಲಿ.

ಅಂದಹಾಗೆ, ಆಗ 'ದೇಶ' ಯಾವುದು? ಗದಗ-ಬೆಟಗೇರಿ ಬ್ರಿಟಿಷರದು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜದ್ದು, ಮುಂಡರಗಿ ದಾಟಿ ಕೊಪ್ಪಳದ ಕಡೆ ಹೋದರೆ ನಿಜಾಮನದು. ಒಂದು ದಿನದ ಚಕ್ಕಡಿ ಹಾದಿಯಲ್ಲಿ ಎರಡು ಸರಕಾರ ಸಿಗ್ತಿದ್ವು. ಆಂಗಸ್ ಮ್ಯಾಡಿಸನ್ ಲೆಕ್ಕದಲ್ಲಿ 1700ರಲ್ಲಿ ಜಗತ್ತಿನ ಉತ್ಪಾದನೆಯ ಸುಮಾರು 24% ಭಾರತದ್ದು, 1950ರಲ್ಲಿ 4% ಚಿಲ್ಲರೆ. ವಾಟ್ಸಾಪ್‌ನಲ್ಲಿ ಇದನ್ನ ಹಂಚೋರು, ಮೊದಲ ಅಂಕಿಯೊಳಗೆ ಇವತ್ತಿನ ಪಾಕಿಸ್ತಾನ, ಬಾಂಗ್ಲಾದೇಶಗಳೂ ಇದ್ದವು ಅನ್ನೋದನ್ನ ಹೇಳೋದಿಲ್ಲ. ಆ 24% ಒಳಗೆ ನೇಕಾರನ ಮನೆಗೆ ಎಷ್ಟು ಬಂತು ಅನ್ನೋದನ್ನಂತೂ ಆ ಅಂಕಿ ಹೇಳೋದೇ ಇಲ್ಲ.

ಸಾಲದ ಲೆಕ್ಕಕ್ಕೆ ನಮ್ಮವರು ಬೇರೆ ದಾರಿ ಹುಡುಕಿದ್ದರು. 1904ರ ಕಾಯ್ದೆ ಬಂದ ಮರುವರ್ಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ಒಕ್ಕಲಿಗನ್ನ ಬಿಡಿಸೋದು, ಅಷ್ಟೇ ಗುರಿ. ಜಿಡಿಪಿ ಅನ್ನೋ ಲೆಕ್ಕ ಹುಟ್ಟೋದಕ್ಕಿಂತ ಮುಂಚಿನ ಮಾತಿದು.

ಮರುದಿನ ನನ್ನ ಎಕ್ಸೆಲ್‌ಗೆ ಇನ್ನೊಂದು ಕಾಲಂ ಸೇರಿಸಿ ತಲಾ ಹಂಚಿ ನೋಡಿದೆ. ನಾವು 'ಹಿಂದೆ ಹಾಕಿದ' ಬ್ರಿಟನ್ನಿನವನ ಪಾಲು ನಮ್ಮವನ ಪಾಲಿನ ಸುಮಾರು 20 ಪಟ್ಟು. ಕ್ಯಾಂಟೀನಿನಲ್ಲಿ ಆ ಕಾಲಂ ತೋರಿಸಲಿಲ್ಲ.

ಮುಂದಿನ ಸಲ ಫೋನ್ ಮಾಡಿದಾಗ ನ್ಯೂಯಾರ್ಕ್ ಪೇಟೆಯ ಹತ್ತಿ ರೇಟು ನೋಡಿಕೊಂಡು ಹೇಳಿದೆ. ಐದನೇ ಸ್ಥಾನದ ಸುದ್ದಿಗಿಂತ ಲಕ್ಷ್ಯ ಕೊಟ್ಟು ಕೇಳಿದ ಅಪ್ಪ.