ಇಂಗ್ಲಿಷ್ ಭಯದ ಇತಿಹಾಸ: ಕಿಟೆಲ್‌ನಿಂದ ಬೆಂಗಳೂರು ಪ್ರಯೋಗದವರೆಗೆ

ಹರಿಹರದ ಮಾರುಕಟ್ಟೆಯಲ್ಲಿ ಒಂದು ಸುತ್ತು ಹಾಕಿದರೆ ಕನ್ನಡದ ಜೊತೆಗೆ ಉರ್ದು, ಮರಾಠಿ, ತೆಲುಗು, ಲಂಬಾಣಿ ಎಲ್ಲವೂ ಕಿವಿಗೆ ಬೀಳುತ್ತವೆ. ಗಿರಾಕಿ ಯಾವ ಭಾಷೆಯಲ್ಲಿ ಕೇಳಿದರೆ ಅದರಲ್ಲೇ ದರ ಹೇಳುವ ವ್ಯಾಪಾರಿಗಳು ನಮ್ಮಲ್ಲಿ ಅಪರೂಪವಲ್ಲ. ಅವರ ಮಕ್ಕಳೂ ಅಷ್ಟೇ. ಮನೆಯಲ್ಲಿ ಒಂದು ಭಾಷೆ, ಓಣಿಯಲ್ಲಿ ಇನ್ನೊಂದು, ಟಿವಿ ಮುಂದೆ ಮತ್ತೊಂದು. ಆದರೆ ಇದೇ ಮಕ್ಕಳು ಎಸ್ಸೆಸ್ಸೆಲ್ಸಿಗೆ ಬರುವ ಹೊತ್ತಿಗೆ ‘ಇಂಗ್ಲಿಷ್ ನಮ್ಮ ತಲೆಗೆ ಹತ್ತಲ್ಲ ಸಾರ್’ ಅನ್ನುತ್ತಾರೆ. ಮೂರು ಭಾಷೆ ಯಾರೂ ಕಲಿಸದೆ ಬಂದವು, ವರ್ಷಗಟ್ಟಲೆ ಕಲಿಸಿದ ನಾಲ್ಕನೆಯದು ಬರಲಿಲ್ಲ. ಇದು ತಲೆಯ ದೋಷ ಆಗಿರಲಿಕ್ಕೆ ಸಾಧ್ಯವಿಲ್ಲ. ಹಾಗಿದ್ದರೆ ಈ ಭಯ ಎಲ್ಲಿಂದ ಬಂತು? ಉತ್ತರ ಹುಡುಕಲು ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೊಳೆಯೇ ಗಡಿಯಾಗಿದ್ದ ಊರು

ಹರಿಹರೇಶ್ವರ ದೇವಸ್ಥಾನ ಕಟ್ಟಿದ್ದು 1224ರಲ್ಲಿ, ಹೊಯ್ಸಳರ ಇಮ್ಮಡಿ ನರಸಿಂಹನ ಕಾಲದಲ್ಲಿ. ಕಟ್ಟಿಸಿದವನು ದಂಡನಾಯಕ ಪೋಲಾಳ್ವ. ಅಲ್ಲಿನ ಶಾಸನಗಳಲ್ಲಿ ಸಂಸ್ಕೃತವೂ ಇದೆ, ಕನ್ನಡವೂ ಇದೆ. ಎರಡು ಭಾಷೆ ಒಂದೇ ಅಂಗಳದಲ್ಲಿ ಕೂಡಿ ಬಾಳುವುದು ಈ ಊರಿಗೆ ಎಂಟುನೂರು ವರ್ಷಗಳ ರೂಢಿ.

ಆಮೇಲೆ ಬ್ರಿಟಿಷರ ಕಾಲದಲ್ಲಿ ತುಂಗಭದ್ರೆಯೇ ಗಡಿಯಾಯಿತು. ಹೊಳೆಯ ಈಚೆ ಹರಿಹರ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಆಚೆ ರಾಣೆಬೆನ್ನೂರಿನ ಕಡೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. 1956ರ ಏಕೀಕರಣದವರೆಗೂ ಇದೇ ಸ್ಥಿತಿ. ಆಚೆ ದಂಡೆಯಲ್ಲಿ 19ನೇ ಶತಮಾನದ ಬಹುಕಾಲ ಶಾಲೆ, ಕಚೇರಿಗಳಲ್ಲಿ ಮರಾಠಿಯದೇ ದರ್ಬಾರು. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿದದ್ದು ಈ ಕಾರಣಕ್ಕೇ. ಅಂದರೆ ಆಚೆ ದಂಡೆಯ ಕನ್ನಡದ ಹುಡುಗ ಇಂಗ್ಲಿಷ್ ಮುಟ್ಟುವ ಮೊದಲು ಮರಾಠಿ ದಾಟಬೇಕಿತ್ತು. ಈಚೆ ದಂಡೆಯವನಿಗೆ ಆ ತೊಂದರೆ ಇರಲಿಲ್ಲ. ಆದರೆ ಇಬ್ಬರಿಗೂ ಕೊನೆಗೆ ಎದುರಾದ ಬಾಗಿಲು ಒಂದೇ: ಇಂಗ್ಲಿಷ್ ಪರೀಕ್ಷೆ.

ಕನ್ನಡ ಕಲಿತ ಪರದೇಶಿಗಳು

ಪರಭಾಷೆ ಕಲಿಯುವ ಕಷ್ಟ ಕನ್ನಡಿಗರಿಗೆ ಮಾತ್ರ ಬಂದದ್ದಲ್ಲ. ಅದೇ ಶತಮಾನದಲ್ಲಿ ಯುರೋಪಿನವರು ಇಲ್ಲಿ ಕೂತು ಕನ್ನಡ ಕಲಿಯುತ್ತಿದ್ದರು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದರು. ಅದೇ 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ ಪರವಾಗಿ ಬಂದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂತು. ಸುಮಾರು 70 ಸಾವಿರ ಪದ.

ಇವರ ಬಗ್ಗೆ ಹೇಳುವಾಗ ಸಾಮಾನ್ಯವಾಗಿ ‘ಎಂಥ ಪ್ರತಿಭೆ’ ಅಂತ ಮುಗಿಸಿಬಿಡುತ್ತೇವೆ. ಅವರು ಕಲಿತದ್ದು ಹೇಗೆ ಎಂದು ಕೇಳುವುದು ಕಡಿಮೆ. ಅವರಿಗೆ ಕನ್ನಡದಿಂದ ಆಗಬೇಕಾದ ಕೆಲಸವಿತ್ತು. ಬೋಧಿಸಬೇಕು, ಶಾಲೆ ನಡೆಸಬೇಕು, ಅಚ್ಚು ಹಾಕಿಸಬೇಕು. ಓದುವ ಕೆಲಸ ಒಬ್ಬರೇ ಕೂತು ಮಾಡುತ್ತಿದ್ದರು. ಅರ್ಥವಾಗದ್ದನ್ನು ಪಂಡಿತರ ಮುಂದೆ ಇಡುತ್ತಿದ್ದರು. ಕಲಿತದ್ದನ್ನು ಜನರ ಜೊತೆ ಆಡಿ ನೋಡುತ್ತಿದ್ದರು. ಗುರುವಿನ ಎದುರಿನ ಸಮಯ ಕೇಳುವುದಕ್ಕಲ್ಲ, ಕೆಲಸ ಮಾಡುವುದಕ್ಕೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಭಾಷೆ ಕಲಿಯುವವರ ಪ್ರೇರಣೆ ಬಗ್ಗೆ 1959ರಲ್ಲಿ ಕೆನಡಾದ ರಾಬರ್ಟ್ ಗಾರ್ಡ್ನರ್ ಮತ್ತು ವಾಲೇಸ್ ಲ್ಯಾಂಬರ್ಟ್ ಒಂದು ಲೇಖನ ಬರೆದರು. ಆ ಮಾಂಟ್ರಿಯಲ್ ಅಧ್ಯಯನದಿಂದ ಬೆಳೆದ ಸಿದ್ಧಾಂತ ಎರಡು ಬಗೆಯ ಪ್ರೇರಣೆ ಗುರುತಿಸುತ್ತದೆ. ಒಂದು, ಆ ಭಾಷೆಯ ಜನರೊಂದಿಗೆ ಬೆರೆಯುವ ಆಸೆ. ಇನ್ನೊಂದು, ನೌಕರಿ, ಅಂಕ, ಸ್ಥಾನಮಾನದಂಥ ಪ್ರಯೋಜನ. ಕಿಟೆಲ್‌ಗೆ ಎರಡೂ ಇದ್ದವು. ನಮ್ಮ ಶಾಲೆಗೆ ಬಂದ ಇಂಗ್ಲಿಷಿಗೆ ಮೊದಲಿನಿಂದಲೂ ಎರಡನೆಯದು ಮಾತ್ರ ಇತ್ತು.

ನೌಕರಿಯ ಭಾಷೆಯಾಗಿ ಬಂದ ಇಂಗ್ಲಿಷ್

1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆ ತೆರೆದರು. 1835ರಲ್ಲಿ ಮೆಕಾಲೆಯ ಟಿಪ್ಪಣಿ ಬಂತು, 1854ರಲ್ಲಿ ವುಡ್‌ನ ಶಿಕ್ಷಣ ಆದೇಶ. 1858ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹೈಸ್ಕೂಲು ಮುಂದೆ ಸೆಂಟ್ರಲ್ ಕಾಲೇಜಾಯಿತು. ಇಂಗ್ಲಿಷ್ ಬಂದವನಿಗೆ ಕಚೇರಿಯಲ್ಲಿ ಕುರ್ಚಿ, ಬಾರದವನಿಗೆ ಬಾಗಿಲಾಚೆ ನಿಲ್ಲುವ ಪಾಡು. ಮೆಟ್ರಿಕ್ ಪರೀಕ್ಷೆ ಜರಡಿಯಾಯಿತು. ಜರಡಿಯ ಕೆಲಸ ಕಲಿಸುವುದಲ್ಲ, ಸೋಸುವುದು.

ಪಾಠದ ಕ್ರಮವೂ ಅದಕ್ಕೆ ತಕ್ಕಂತೆ ಬೆಳೆಯಿತು. ಮೇಷ್ಟ್ರು ಒಂದು ಸಾಲು ಓದುತ್ತಾರೆ, ಕನ್ನಡದಲ್ಲಿ ಅರ್ಥ ಹೇಳುತ್ತಾರೆ, ಬೋರ್ಡಿನ ಮೇಲೆ ಪ್ರಶ್ನೋತ್ತರ ಬರೆಯುತ್ತಾರೆ. ಮಕ್ಕಳು ಕಾಪಿ ಮಾಡಿ ಬಾಯಿಪಾಠ ಹಾಕುತ್ತಾರೆ. ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದ ನಮ್ಮ ತಲೆಮಾರಿನವರು ಇಂಗ್ಲಿಷ್ ಅಕ್ಷರ ಕಂಡದ್ದು 5ನೇ ತರಗತಿಯಲ್ಲಿ, ಇದೇ ಕ್ರಮದಲ್ಲಿ. ಒಂದು ವಾಕ್ಯವನ್ನು ಸ್ವಂತವಾಗಿ ಆಡುವ ಪ್ರಸಂಗ ತರಗತಿಯಲ್ಲಿ ಬರುತ್ತಿದ್ದುದೇ ವಿರಳ. ನಮ್ಮಲ್ಲಿ ಹಲವರು ನಿಜವಾಗಿ ಇಂಗ್ಲಿಷ್ ಕಲಿತದ್ದು ವರದಿಗಾರಿಕೆಗೆ ಇಳಿದ ಮೇಲೆ, ರಾತ್ರಿ ಎಂಟಕ್ಕೆ ಕೈಗೆ ಬಂದ ಇಂಗ್ಲಿಷ್ ಪ್ರಕಟಣೆಯನ್ನು ಒಂಬತ್ತರೊಳಗೆ ಕನ್ನಡದ ಸುದ್ದಿ ಮಾಡಬೇಕಾದಾಗ.

ಊರಿನಲ್ಲಿ ಇನ್ನೊಂದು ಪಾಠಶಾಲೆಯೂ ಇತ್ತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು, ಲೇತ್ ಯಂತ್ರಗಳಿಗೆ ಹೆಸರಾಯಿತು. ಈ ಶತಮಾನದ ಆರಂಭದಲ್ಲಿ ಅದು ಬಾಗಿಲು ಹಾಕಿದರೂ ಲೇತ್, ಚಕ್, ಡ್ರಾಯಿಂಗ್, ಮೈಕ್ರೋಮೀಟರ್ ಎಂಬ ಮಾತುಗಳು ಇಲ್ಲಿ ಮನೆಮಾತಾಗಿ ಉಳಿದವು. ಕೈಕೆಲಸದ ಜೊತೆ ಬಂದ ಇಂಗ್ಲಿಷ್ ಪದಕ್ಕೆ ಯಾರೂ ಹೆದರಲಿಲ್ಲ. ಅದೇ ಭಾಷೆ ಪ್ರಶ್ನೆಪತ್ರಿಕೆಯಾಗಿ ಬಂದಾಗ ಕೈ ನಡುಗಿತು.

ಜಗತ್ತು ಓದಿದ ನಮ್ಮ ಪ್ರಯೋಗ

ಭಾಷಾ ಬೋಧನೆಯ ಚರಿತ್ರೆಯಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಹೆಸರು ಹೊರದೇಶದ ತರಬೇತಿ ಪುಸ್ತಕಗಳಲ್ಲೂ ಬರುತ್ತದೆ. ನಮ್ಮ ಜಿಲ್ಲೆಯ ಸ್ಟಾಫ್ ರೂಮುಗಳಲ್ಲಿ ಅದರ ಹೆಸರು ನಮ್ಮ ಕಿವಿಗೆ ಬಿದ್ದದ್ದು ಕಡಿಮೆ.

1963ರಿಂದ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಆಗ ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು ಆ ಸಂಸ್ಥೆಯ ಸಹಯೋಗದಲ್ಲಿ 1979ರಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಬೆಂಗಳೂರು, ಮದ್ರಾಸು ಮತ್ತಿತರ ಊರುಗಳ ಸಾಮಾನ್ಯ ಶಾಲೆಗಳಲ್ಲಿ 1984ರವರೆಗೆ ಐದು ವರ್ಷ ಅದು ನಡೆಯಿತು. 1987ರಲ್ಲಿ ಅವರೇ ಅದರ ಬಗ್ಗೆ ಪುಸ್ತಕ ಬರೆದರು.

ಪ್ರಭು ಅವರ ವಾದ ಸರಳ. ಮಗುವಿನ ಗಮನ ಅರ್ಥದ ಮೇಲೆ ಇದ್ದಾಗ ವ್ಯಾಕರಣ ತಾನಾಗಿ ಒಳಗೆ ಕೂರುತ್ತದೆ. ಹಾಗಾಗಿ ತರಗತಿಯಲ್ಲಿ ವ್ಯಾಕರಣದ ಪಾಠ ಇರಲಿಲ್ಲ, ಲೆಕ್ಕಾಚಾರದ ಕೆಲಸ ಇತ್ತು. ರೈಲಿನ ವೇಳಾಪಟ್ಟಿ ಕೊಟ್ಟು ಯಾವ ಗಾಡಿ ಹತ್ತಿದರೆ ಬೇಗ ತಲುಪಬಹುದು ಎಂದು ಕೇಳುವುದು, ನಕಾಶೆ ನೋಡಿ ದಾರಿ ಹುಡುಕಿಸುವುದು, ಇಂಥವು. ಮೊದಲು ಶಿಕ್ಷಕರು ಅದೇ ಬಗೆಯ ಒಂದು ಕೆಲಸವನ್ನು ಇಡೀ ತರಗತಿಯ ಜೊತೆ ಪ್ರಶ್ನೆ ಕೇಳುತ್ತಾ ಮಾಡುತ್ತಾರೆ. ಆಮೇಲೆ ಪ್ರತಿ ಮಗುವೂ ತಾನೇ ಇನ್ನೊಂದನ್ನು ಮಾಡುತ್ತದೆ. ಕಷ್ಟ ಎಷ್ಟಿರಬೇಕು ಎಂಬುದಕ್ಕೂ ಒಂದು ಅಂದಾಜಿತ್ತು. ಕನಿಷ್ಠ ಅರ್ಧ ಮಕ್ಕಳಾದರೂ ಕೆಲಸದ ಅರ್ಧ ಭಾಗವನ್ನಾದರೂ ಸರಿಯಾಗಿ ಮಾಡುವಂತಿರಬೇಕು. ತೀರಾ ಸುಲಭವೂ ಬೇಡ, ಮಗು ಕೈಚೆಲ್ಲುವಷ್ಟು ಕಷ್ಟವೂ ಬೇಡ.

ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಇದರ ಮೌಲ್ಯಮಾಪನ ಮಾಡಿದರು. ವ್ಯಾಕರಣ ರಚನೆಯ ಪರೀಕ್ಷೆಯಲ್ಲಿ ಮಾಮೂಲಿ ತರಗತಿಗಳು ಮುಂದಿದ್ದವು. ಕೆಲಸ ಆಧರಿಸಿದ ಪರೀಕ್ಷೆಯಲ್ಲೂ, ಎರಡೂ ಕಡೆಗೆ ಸಮಾನ ಎನಿಸಿದ ಪರೀಕ್ಷೆಗಳಲ್ಲೂ ಪ್ರಯೋಗದ ಮಕ್ಕಳು ಹೆಚ್ಚು ಚೆನ್ನಾಗಿ ಮಾಡಿದ್ದರು. ಮಿತಿಯೂ ಇತ್ತು. ಶಿಕ್ಷಕರ ತರಬೇತಿಯಲ್ಲಿ ಪಳಗಿದವರು ಪ್ರಯೋಗದಲ್ಲಿ ಕಲಿಸಿದ್ದರು. ಮಾಮೂಲಿ ಶಿಕ್ಷಕರಿಗೆ ಈ ಕ್ರಮ ಅಷ್ಟು ಸುಲಭವಾಗಿ ಒಗ್ಗಲಿಲ್ಲ ಎಂದು ಬೆರೆಟ್ಟಾ ಆಮೇಲೆ ತೋರಿಸಿದರು. ತರಗತಿ ತುಂಬ ಮಕ್ಕಳು, ಮುಗಿಸಲೇಬೇಕಾದ ಪಠ್ಯ, ತಮ್ಮ ಇಂಗ್ಲಿಷ್ ಬಗ್ಗೆ ತಮಗೇ ಧೈರ್ಯವಿಲ್ಲದ ಮೇಷ್ಟ್ರು: ಇಂಥ ಕಡೆ ಹೊಸ ಕ್ರಮ ಬೇರು ಬಿಡುವುದು ಕಷ್ಟ.

ಅದೇ ವರ್ಷಗಳಲ್ಲಿ ರಾಜ್ಯ ಬೇರೊಂದು ಪ್ರಶ್ನೆಯಲ್ಲಿ ಮುಳುಗಿತ್ತು. 1980ರಲ್ಲಿ ಗೋಕಾಕ್ ಸಮಿತಿ ರಚನೆಯಾಯಿತು, 1982ರಲ್ಲಿ ಡಾ. ರಾಜಕುಮಾರ್ ಚಳವಳಿಗೆ ಇಳಿದರು. ಕನ್ನಡಕ್ಕೆ ಮೊದಲ ಸ್ಥಾನ ಸಿಗಬೇಕು ಎಂಬ ಆ ಹೋರಾಟ ನ್ಯಾಯದ್ದು. ಆದರೆ ಅಂದಿನಿಂದ ಇಂದಿನವರೆಗೆ ನಮ್ಮ ಚರ್ಚೆ ಯಾವ ಭಾಷೆ, ಯಾವ ತರಗತಿಯಿಂದ, ಯಾವ ಮಾಧ್ಯಮ ಎಂಬುದರ ಸುತ್ತಲೇ ತಿರುಗಿದೆ. 1994ರಲ್ಲಿ ಮಾತೃಭಾಷಾ ಮಾಧ್ಯಮದ ನೀತಿ, 2007-08ರಲ್ಲಿ ಸರ್ಕಾರಿ ಶಾಲೆಯ 1ನೇ ತರಗತಿಯಿಂದ ಇಂಗ್ಲಿಷ್, 2014ರಲ್ಲಿ ಮಾತೃಭಾಷಾ ಮಾಧ್ಯಮ ಹೇರುವಂತಿಲ್ಲ ಎಂಬ ಸುಪ್ರೀಂ ಕೋರ್ಟ್ ತೀರ್ಪು, 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ. ಹೇಗೆ ಕಲಿಸಬೇಕು ಎಂಬ ಪ್ರಶ್ನೆಗೆ ಇಷ್ಟು ಗಲಾಟೆ ಯಾವತ್ತೂ ಆಗಲಿಲ್ಲ.

ತಿರುಗಿಸಿ ಹಾಕಿದ ತರಗತಿ

ಈಗ ಶಿಕ್ಷಕರ ತರಬೇತಿಗಳಲ್ಲಿ ‘ಫ್ಲಿಪ್ಡ್ ಕ್ಲಾಸ್‌ರೂಂ’ ಎಂಬ ಮಾತು ಓಡಾಡುತ್ತಿದೆ. 2007ರ ಸುಮಾರಿಗೆ ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್ ಎಂಬ ಇಬ್ಬರು ಹೈಸ್ಕೂಲ್ ಶಿಕ್ಷಕರು ಪಾಠವನ್ನು ವಿಡಿಯೊ ಮಾಡಿ ಮನೆಗೆ ಕಳಿಸಿದರು. ಮನೆಯಲ್ಲಿ ಪಾಠ ಕೇಳುವುದು, ತರಗತಿಯಲ್ಲಿ ಮೇಷ್ಟ್ರ ಎದುರು ಅಭ್ಯಾಸ ಮಾಡುವುದು. ಹೋಂವರ್ಕ್ ಶಾಲೆಗೆ ಬಂತು, ಪಾಠ ಮನೆಗೆ ಹೋಯಿತು. ಕಿಟೆಲ್ ಪಂಡಿತರ ಮುಂದೆ ಕೂತದ್ದೂ ಹೆಚ್ಚುಕಡಿಮೆ ಹೀಗೆಯೇ. ಪ್ರಭು ಅವರ ಪ್ರಯೋಗ ಪಾಠವನ್ನು ಮನೆಗೆ ಕಳಿಸಲಿಲ್ಲ. ಆದರೆ ತರಗತಿಯ ಹೊತ್ತನ್ನು ಮಗುವಿನ ಕೆಲಸಕ್ಕೆ ಬಿಟ್ಟುಕೊಟ್ಟಿತು. ಮೂರರಲ್ಲೂ ಮುಖ್ಯ ಅದೇ.

ಕೊರೊನಾ ಬಂದ 2020ರಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು, ವಾಟ್ಸಾಪ್ ಗುಂಪುಗಳಲ್ಲಿ ವಿಡಿಯೊಗಳು ಹರಿದವು. ನಮ್ಮ ಸುತ್ತಲಿನ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಸ್ಮಾರ್ಟ್‌ಫೋನು, ಅದೂ ಅಪ್ಪನ ಜೊತೆ ಹೊಲಕ್ಕೋ ಕೆಲಸಕ್ಕೋ ಹೋಗುತ್ತಿತ್ತು. ಆಗ ಪಾಠ ಮನೆಗೆ ಬಂತು, ನಿಜ. ಆದರೆ ಶಾಲೆ ತೆರೆದ ಮೇಲೆ ನಾವು ಕಂಡ ತರಗತಿಗಳಲ್ಲಿ ಹಳೆಯ ಓದಿ-ಅರ್ಥ ಹೇಳುವ ಕ್ರಮವೇ ಮರಳಿತ್ತು. ಪಾಠ ಮನೆಗೆ ಕಳಿಸಿದರೆ ಸಾಲದು, ಶಾಲೆಯಲ್ಲಿ ಬಿಡುವಾದ ಹೊತ್ತು ಮಗುವಿನ ಬಾಯಿಗೆ ಸಿಗಬೇಕು. ಅದಕ್ಕೆ ಫೋನೇ ಬೇಕೆಂದಿಲ್ಲ. ನಾಳೆಯ ಪಾಠದ ಒಂದು ಪುಟವನ್ನು ಇವತ್ತೇ ಕನ್ನಡದಲ್ಲಿ ಕತೆಯಾಗಿ ಹೇಳಿ ಕಳಿಸಿದರೂ ನಡೆಯುತ್ತದೆ. ಹರಿಹರ ಸ್ಟೇಷನ್ನಿನ ರೈಲಿನ ವೇಳಾಪಟ್ಟಿಯೇ ಮರುದಿನದ ಪಾಠವಾಗಬಹುದು.

ಇದೇ ತರಬೇತಿಗಳಲ್ಲಿ ‘ಮೈಂಡ್‌ಸೆಟ್’ ಎಂಬ ಮಾತೂ ಇದೆ. ಕ್ಯಾರಲ್ ಡ್ವೆಕ್ 2006ರಲ್ಲಿ ಬರೆದ ಪುಸ್ತಕದಿಂದ ಅದು ಜನಪ್ರಿಯವಾಯಿತು. ಬುದ್ಧಿ ಹುಟ್ಟಿನಿಂದ ಬಂದದ್ದು ಎಂದು ನಂಬಿದ ಮಗು ಸೋತಾಗ ನಿಂತುಬಿಡುತ್ತದೆ, ಅಭ್ಯಾಸದಿಂದ ಬೆಳೆಯುತ್ತದೆ ಎಂದು ನಂಬಿದ ಮಗು ಮತ್ತೆ ಯತ್ನಿಸುತ್ತದೆ ಎಂಬುದು ಅದರ ತಿರುಳು. ‘ಬರಲ್ಲ’ ಅನ್ನುವ ಬದಲು ‘ಇನ್ನೂ ಬಂದಿಲ್ಲ’ ಅನ್ನಿ ಎಂದು ಕಲಿಸುತ್ತಾರೆ. ಮಾತು ಚೆನ್ನಾಗಿದೆ. ಆದರೆ 2019ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಹಿಂದುಳಿದ ವಿದ್ಯಾರ್ಥಿಗಳಿಗೆ ಇದರಿಂದ ಆದ ಲಾಭ ಸಣ್ಣದು, ಅದೂ ಶಾಲೆಯ ವಾತಾವರಣ ಪೂರಕವಾಗಿದ್ದಾಗ ಹೆಚ್ಚು ಎಂದು ಕಂಡುಬಂತು. ಈಜು ಬರುತ್ತದೆ ಎಂದು ನಂಬು ಅಂತ ದಂಡೆಯಲ್ಲಿ ನಿಂತು ಹೇಳಿದರೆ ಈಜು ಬರುವುದಿಲ್ಲ. ಮೊಣಕಾಲುದ್ದ ನೀರಿಗೆ ಇಳಿಸಬೇಕು. ಪ್ರಭು ಹೇಳಿದ ಅರ್ಧದ ಲೆಕ್ಕ ಆ ಮೊಣಕಾಲುದ್ದ ನೀರು.

ಇದೆಲ್ಲ ಬರೀ ಚರಿತ್ರೆಯ ಮಾತಲ್ಲ. ಡಿಗ್ರಿ ಮುಗಿಸಿ ದಾವಣಗೆರೆಯಲ್ಲೋ ಬೆಂಗಳೂರಿನಲ್ಲೋ ಸಂದರ್ಶನಕ್ಕೆ ಹೋಗುವ ನಮ್ಮ ಹುಡುಗ ಹುಡುಗಿಯರು, ವಿಷಯ ಗೊತ್ತಿದ್ದೂ ಮೊದಲ ವಾಕ್ಯಕ್ಕೇ ತಡವರಿಸಿ ವಾಪಸ್ ಬರುತ್ತಿದ್ದಾರೆ. ಮನೆಗೆ ಬಂದು ತಮ್ಮನ್ನೇ ದಡ್ಡರು ಅಂದುಕೊಳ್ಳುತ್ತಾರೆ. ಆ ಭಯ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಜರಡಿ ಹಿಡಿದ ವ್ಯವಸ್ಥೆ ಕೊಟ್ಟದ್ದು ಎಂದು ಅವರಿಗೆ ಹೇಳಿದವರಿಲ್ಲ.

ಈ ಸಲ ಪೋಷಕರ ಸಭೆಗೆ ಹೋದಾಗ ಎಷ್ಟು ಅಂಕ ಬಂತು ಎಂದು ಕೇಳುವ ಮೊದಲು ಒಂದು ಪ್ರಶ್ನೆ ಕೇಳಿ ನೋಡಿ: ಕಳೆದ ವಾರ ಇಂಗ್ಲಿಷ್ ಪೀರಿಯಡ್ಡಿನಲ್ಲಿ ನಮ್ಮ ಮಗು ಸ್ವಂತವಾಗಿ ಎಷ್ಟು ವಾಕ್ಯ ಆಡಿತು? ನಾವೂ ಶಾಲೆಗಳ ಸುದ್ದಿಗೆ ಹೋದಾಗ ಇದನ್ನೇ ಕೇಳುತ್ತೇವೆ, ಸಿಕ್ಕ ಉತ್ತರವನ್ನು ಇಲ್ಲಿ ಬರೆಯುತ್ತೇವೆ.