ಬೀಡು ಬಿಡುವ ಸನ್ನಾಹ

ಎರಡು ದಿನದ ರಜೆ ಕೂಡಿ ಬಂದರೆ ಸಾಕು, ಬೆನ್ನಿಗೆ ಚೀಲ ಬಿಗಿದು, ಮಡಚಿದ ಡೇರೆಯೊಂದನ್ನು ಕಂಕುಳಲ್ಲಿ ಇರುಕಿಕೊಂಡು, ದೇವರಾಯನದುರ್ಗದ ಕಡೆಗೋ ಸಿದ್ಧರಬೆಟ್ಟದ ಕಡೆಗೋ ಹೊರಡುವ ತರುಣರನ್ನು ತುಮಕೂರಿನ ಬಸ್ ನಿಲ್ದಾಣದಲ್ಲಿ ನೀವು ಕಂಡಿರಬಹುದು. ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ನಡೆಯುವ ಗಡಿಬಿಡಿಯೂ ನಿಮಗೆ ಗೊತ್ತು. ಏನನ್ನು ಒಯ್ಯಬೇಕು, ಏನನ್ನು ಬಿಡಬೇಕು? ಚೀಲ ಹಗುರವಾದರೆ ರಾತ್ರಿ ಕಷ್ಟ, ಭಾರವಾದರೆ ಹಗಲು ಕಷ್ಟ. ಈ ಪ್ರಶ್ನೆ ಹೊಸದೇನೂ ಅಲ್ಲ. ನಮ್ಮ ತುಮಕೂರು ಸೀಮೆಯ ಜನ ಇದಕ್ಕೆ ಹಿಂದೆ ಕಂಡುಕೊಂಡಿದ್ದ ಉತ್ತರ ಮಾತ್ರ ಇಂದಿನ ಉತ್ತರಕ್ಕಿಂತ ಬೇರೆಯಾಗಿದ್ದಿತು.

ಮೊದಲು ಮಾತುಗಳನ್ನೇ ಸ್ವಲ್ಪ ನೋಡೋಣ. ‘ಬೀಡು’ ಎಂಬುದು ‘ಬಿಡು’ ಎಂಬ ಧಾತುವಿನಿಂದ ಬಂದ ಪದ. ನೊಗದಿಂದ ಎತ್ತನ್ನು, ಹೆಗಲಿನಿಂದ ಹೊರೆಯನ್ನು ಬಿಡುವ ತಾಣವೇ ಬೀಡು ಎಂದು ತಿಳಿಯಬಹುದು. ಹೊಯ್ಸಳರ ಶಾಸನಗಳು ರಾಜಧಾನಿಯನ್ನು ಸಹ ‘ನೆಲೆವೀಡು’ ಎಂದೇ ಕರೆಯುತ್ತವೆ. ‘ಪಾಳೆಯ’ವೆಂದರೆ ದಂಡು ಇಳಿದ ಸ್ಥಳ, ಆದುದರಿಂದ ನಮ್ಮ ಜಿಲ್ಲೆಯ ಚರಿತ್ರೆಯ ತುಂಬ ಬರುವ ಪಾಳೆಯಗಾರನು ಹೆಸರಿನಲ್ಲಿ ಬಿಡಾರದ ಒಡೆಯನೇ. ಕುಣಿಗಲ್, ಗುಬ್ಬಿ ತಾಲ್ಲೂಕುಗಳಲ್ಲಿ ‘ಪಾಳ್ಯ’ ಎಂದು ಕೊನೆಗೊಳ್ಳುವ ಹಳ್ಳಿಗಳು ಎಷ್ಟಿವೆ ಎಂಬುದನ್ನು ಒಮ್ಮೆ ಎಣಿಸಿ ನೋಡಿ. ‘ಡೇರೆ’ ಹಿಂದೂಸ್ತಾನಿಯಿಂದ ಬಂದು ನಮ್ಮದಾಯಿತು. ದಾರಿಯ ಊಟಕ್ಕೆ ಸಂಸ್ಕೃತದಲ್ಲಿ ‘ಪಾಥೇಯ’ವೆಂಬ ಗಂಭೀರವಾದ ಹೆಸರಿದೆ, ನಮಗೆ ‘ಭುಕ್ತಿ’ಯ ತದ್ಭವವಾದ ‘ಬುತ್ತಿ’ಯೇ ರುಚಿ.

ಆ ಬುತ್ತಿಯ ಗಂಟಿನೊಡನೆ ಶಿವರಾತ್ರಿಗೆ ಸಿದ್ಧಗಂಗೆಯ ಜಾತ್ರೆಗೆ ಹೊರಡುತ್ತಿದ್ದ ಒಂದು ಕಮಾನುಗಾಡಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಿದ್ಧಗಂಗೆಯದು ದನಗಳ ಜಾತ್ರೆ. ಹಳ್ಳಿಕಾರ್ ಎತ್ತುಗಳನ್ನು ಮಾರುವವರು, ಕೊಳ್ಳುವವರು, ಸುಮ್ಮನೆ ಹಲ್ಲು ಹಿಡಿದು ನೋಡಿ ಬೆಲೆ ಕಟ್ಟುವವರು, ಎಲ್ಲರೂ ಹಲವು ದಿನ ಬಯಲಿನಲ್ಲಿಯೇ ತಂಗಬೇಕು. ಹಾಗಾದರೆ ಗಾಡಿಯಲ್ಲಿ ಏನೇನು ಇರುತ್ತಿತ್ತು?

ತಳದಲ್ಲಿ ದಪ್ಪನಾಗಿ ಹುಲ್ಲು. ಹೋಗುವಾಗ ಅದು ಕೂರುವವರಿಗೆ ಮೆತ್ತೆ, ತಂಗಿದಾಗ ಹಾಸಿಗೆ. ಹಿಂದಿರುಗುವ ಹೊತ್ತಿಗೆ ಎತ್ತಿನ ಹೊಟ್ಟೆಯಲ್ಲಿ! ಅದರ ಮೇಲೊಂದು ಚಾಪೆ. ಆಳಿಗೊಂದು ಕಂಬಳಿ. ಈ ಕಂಬಳಿಯ ಮಹಿಮೆಯನ್ನು ಎಷ್ಟು ಹೇಳಿದರೂ ಸಾಲದು. ಹಾಸಿದರೆ ನೆಲದ ತಂಪು ಏರದು, ಹೊದೆದರೆ ಚಳಿ ತಟ್ಟದು, ಮಳೆ ಬಂದರೆ ಕೊಪ್ಪೆಯಾಗಿ ತಲೆಯ ಮೇಲೆ ಬರುವುದು, ಕೋಲಿಗೆ ಇಳಿಬಿಟ್ಟರೆ ಹೆಂಗಸರಿಗೆ ಮರೆ. ಶಿವರಾತ್ರಿ ಬರುವುದು ಬಹುಳ ಚತುರ್ದಶಿಯಂದು; ದಾರಿಯ ರಾತ್ರಿಗಳೆಲ್ಲ ಕತ್ತಲೆ. ಆದುದರಿಂದ ಗಾಡಿಯ ಕೆಳಗೊಂದು ಲಾಂದ್ರ. ಅದರ ಪಕ್ಕದಲ್ಲಿ ಅಚ್ಚಿಗೆ ಹಾಕುವ ಕೀಲೆಣ್ಣೆಯ ಕೊಳವೆ. ಎತ್ತುಗಳಿಗೆ ಹುರುಳಿ, ಮಿಣಿಹಗ್ಗ, ಒಂದು ಕೊಡಲಿ, ಒಂದು ಬಿಂದಿಗೆ, ಒಂದು ಪಾತ್ರೆ, ಸೌಟು. ಒಲೆಯನ್ನು ಯಾರೂ ಹೊರುತ್ತಿರಲಿಲ್ಲ. ಮೂರು ಕಲ್ಲು ಎಲ್ಲಿಯೂ ಸಿಕ್ಕುತ್ತವೆ.

ಬುತ್ತಿಯಲ್ಲಿಯೂ ಒಂದು ಕ್ರಮವಿತ್ತು. ಮೊದಲ ದಿನಕ್ಕೆ ಮೊಸರನ್ನ, ರೊಟ್ಟಿ. ಎರಡನೆಯ ದಿನಕ್ಕೆ ಹುಣಿಸೆಹುಳಿ ಕಲಸಿದ ಅನ್ನ, ಅದು ಬೇಗ ಹಳಸದು. ಆಮೇಲಿನ ದಿನಗಳಿಗೆ ಅವಲಕ್ಕಿ, ಚಟ್ನಿಪುಡಿ, ಬೆಲ್ಲ, ಈ ಸೀಮೆಯಲ್ಲಿ ಮನೆಮನೆಗೂ ಇರುವ ಕೊಬ್ಬರಿ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಹುರಿಹಿಟ್ಟು. ರಾಗಿಗೆ ನೀರು ಚಿಮುಕಿಸಿ, ಕಾದ ಬಾಣಲೆಯಲ್ಲಿ ಅರಳಿಸಿ, ಬೀಸಿ ಇಟ್ಟುಕೊಂಡ ಹಿಟ್ಟು ಅದು. ಬೆಂಕಿ ಬೇಡ, ಪಾತ್ರೆ ಬೇಡ. ಮಜ್ಜಿಗೆಯೋ ಬೆಲ್ಲದ ನೀರೋ ಇದ್ದರೆ ಅಂಗೈಯಲ್ಲಿಯೇ ಊಟ. ಇಂದು ಬಣ್ಣದ ಪೊಟ್ಟಣಗಳಲ್ಲಿ ದುಬಾರಿ ಬೆಲೆಗೆ ಮಾರುವ ಪ್ರಯಾಣದ ಆಹಾರವನ್ನು ಕಂಡಾಗಲೆಲ್ಲ ನನಗೆ ಈ ಹಿಟ್ಟಿನ ನೆನಪಾಗುತ್ತದೆ.

ಈ ಗಾಡಿಯಲ್ಲಿ ಏನೇನು ಇತ್ತು ಎಂದು ಹೇಳಿದೆನಷ್ಟೆ. ಏನೇನು ಇರಲಿಲ್ಲ ಎಂಬುದನ್ನೂ ಗಮನಿಸಿ. ಡೇರೆ ಇರಲಿಲ್ಲ. ದಾರಿ ಪೂರ್ತಿಗೆ ಸಾಲುವಷ್ಟು ನೀರು ಇರಲಿಲ್ಲ. ಇವನ್ನು ದಾರಿಯೇ ಒದಗಿಸುತ್ತಿತ್ತು. ತುಂಬಿದ ಗಾಡಿ ದಿನಕ್ಕೆ ನಡೆಯುವುದು ಹತ್ತು ಹನ್ನೆರಡು ಮೈಲಿ. ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರು, ಅಂದರೆ ಒಂದು ದಿನದ ಪಯಣ. ಕುಣಿಗಲ್ಲಿಗೆ ಅದರ ಇಮ್ಮಡಿಗೆ ಸ್ವಲ್ಪ ಕಡಿಮೆ, ನಡುವೆ ಒಂದು ರಾತ್ರಿ ತಂಗಲೇಬೇಕು. ಆ ತಂಗುವ ಜಾಗಗಳಲ್ಲಿ ಊರಿನವರು ಗುಂಡುತೋಪು ಬೆಳೆಸಿದ್ದರು: ಮಾವು, ನೇರಳೆ, ಹುಣಿಸೆ, ಹೊಂಗೆ. ತೋಪಿನ ಮಗ್ಗುಲಲ್ಲಿ ಕೆರೆಯೋ ಕಟ್ಟೆಯೋ ಬಾವಿಯೋ. ಪೇಟೆಯಲ್ಲಿ ಛತ್ರ, ಬೇಸಗೆಯಲ್ಲಿ ಅರವಟ್ಟಿಗೆ. ತಲೆಹೊರೆಯವರಿಗೆಂದು ದಾರಿಯ ಪಕ್ಕದಲ್ಲಿ ಆಳೆತ್ತರಕ್ಕೆ ಎರಡು ಕಂಬ ನಿಲ್ಲಿಸಿ, ಮೇಲೊಂದು ಚಪ್ಪಡಿ ಅಡ್ಡಹಾಕಿದ ಕಲ್ಲುಗಳು. ಇನ್ನೊಬ್ಬರ ಕೈ ಬೇಡದೆ ಹೊರೆಯನ್ನು ಅದರ ಮೇಲೆ ಇಳುಹಿ, ದಣಿವಾರಿಸಿಕೊಂಡು, ಮತ್ತೆ ತಲೆಗೆ ಏರಿಸಿಕೊಳ್ಳಬಹುದು. ಕುಣಿಗಲ್ ಕೆರೆಯ ಮೇಲೆ ಜನ ಹಾಡು ಕಟ್ಟಿದ್ದು ಬರಿಯ ಅದರ ಚೆಲುವಿಗಾಗಿ ಮಾತ್ರವೆ? ಬಾಯಾರಿ ಬಂದ ದಾರಿಗರ ಕೃತಜ್ಞತೆಯೂ ಅದರಲ್ಲಿ ಸೇರಿದೆಯೆಂದು ನನಗೆ ತೋರುತ್ತದೆ.

ಈ ಏರ್ಪಾಡು ಬಹು ಪುರಾತನವಾದುದು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕನು ತನ್ನ ಏಳನೆಯ ಸ್ತಂಭಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಯಲ್ಲಿ ಆಲದ ಮರಗಳನ್ನೂ ಮಾವಿನ ತೋಪುಗಳನ್ನೂ ಹಾಕಿಸಿದುದಾಗಿ, ಬಾವಿಗಳನ್ನು ತೋಡಿಸಿದುದಾಗಿ ಹೇಳಿಕೊಂಡಿದ್ದಾನೆ. ನಮ್ಮ ಜಿಲ್ಲೆಯ ಎರಡು ಪ್ರಸಿದ್ಧ ತಾಣಗಳ ಹೆಸರೇ ನೀರಿನದು. ಸಿದ್ಧಗಂಗೆ ಬಂಡೆಯಲ್ಲಿ ಒಸರುವ ತೀರ್ಥದಿಂದ ಹೆಸರು ಪಡೆಯಿತು. ದೇವರಾಯನದುರ್ಗದ ತಪ್ಪಲಿನ ನಾಮದ ಚಿಲುಮೆ, ನಾಮವಿಟ್ಟುಕೊಳ್ಳಲು ನೀರಿಲ್ಲದೆ ಶ್ರೀರಾಮನು ಬಾಣ ಹೊಡೆದು ಬರಿಸಿದ ಸೆಲೆಯೆಂದು ಐತಿಹ್ಯ. ತಂಗಲು ಜಾಗ ಹುಡುಕುವವನಿಗೆ ಹಿಂದಿನವರು ಹೆಸರಿನಲ್ಲಿಯೇ ಗುರುತು ಹೇಳಿಟ್ಟಿದ್ದಾರೆ.

ಮನೆಯನ್ನೇ ಹೊತ್ತು ತಿರುಗಿದವರೂ ಇಲ್ಲದಿಲ್ಲ. ಟಿಪ್ಪು ಸುಲ್ತಾನನು 1799ರಲ್ಲಿ ಮಡಿದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯ ಮೇರೆಗೆ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದನು. ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಗುಬ್ಬಿಯ ವ್ಯಾಪಾರವನ್ನು ಅವನು ಗಮನವಿಟ್ಟು ನೋಡಿದ್ದಾನೆ. ಗುಡಾರ ಹೊತ್ತ ಅವನ ಪರಿವಾರ ಒಂದು ಕಡೆ, ಅಡಕೆ ಕೊಬ್ಬರಿಗಳ ಮೂಟೆಯನ್ನು ಎತ್ತಿನ ಬೆನ್ನಿಂದ ಇಳಿಸಿ ಮರದ ಕೆಳಗೆ ಮಲಗುತ್ತಿದ್ದ ವ್ಯಾಪಾರಿಗಳು ಇನ್ನೊಂದು ಕಡೆ; ಅವನು ಸರ್ಕಾರದ ಕೆಲಸಕ್ಕೆ ಬಂದ ಪರಕೀಯ, ಇವರು ದಾರಿಯನ್ನು ಬಲ್ಲವರು.

1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದಿತು. ಅದೇ ವರ್ಷ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ವೀರಣ್ಣನವರ ಕೈಯಲ್ಲಿ ಅದು ಬೆಳೆದು ನಾಡೆಲ್ಲ ತಿರುಗಿದಾಗ, ‘ಕ್ಯಾಂಪು’ ಎಂಬ ಇಂಗ್ಲಿಷ್ ಮಾತು ನಮ್ಮ ಊರೂರಿಗೂ ಚಿರಪರಿಚಿತವಾಯಿತು. ಪರದೆ, ಪೆಟ್ಟಿಗೆ, ತಗಡು, ಅಡುಗೆಯ ಹಂಡೆ, ನೂರಾರು ಜನ! ಅವರ ಬೀಡು ಒಂದು ಸಣ್ಣ ಊರೇ ಸರಿ.

ವಿನೋದಕ್ಕಾಗಿಯೇ ಬಯಲಿನಲ್ಲಿ ತಂಗುವುದು ಮಾತ್ರ ಈಚಿನ ಪದ್ಧತಿ. ಇಂಗ್ಲೆಂಡಿನಲ್ಲಿ ಹೋಲ್ಡಿಂಗ್ ಎಂಬ ದರ್ಜಿ, ಬೈಸಿಕಲ್ಲಿನ ಮೇಲೆ ಹೊರಬಹುದಾದ ಹಗುರ ಡೇರೆಗಳನ್ನು ಹೊಲಿದು, 1901ರಲ್ಲಿ ಅಂಥ ಪಯಣಿಗರ ಸಂಘ ಕಟ್ಟಿದನು. 1907ರಲ್ಲಿ ಬೇಡನ್ ಪೊವೆಲ್ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಶಿಬಿರ ನಡೆಸಿದನು. ಎರಡೇ ವರ್ಷದಲ್ಲಿ, 1909ರಲ್ಲಿ, ಬೆಂಗಳೂರಿನಲ್ಲಿ ಸ್ಕೌಟ್ ದಳ ಬಂದಿತು. ಆಗ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ಹೋಲ್ಡಿಂಗನ ಹಗುರ ಗಂಟಿಗೂ ನಮ್ಮ ಕಂಬಳಿ ಹುರಿಹಿಟ್ಟುಗಳಿಗೂ ಹತ್ತಿರದ ನೆಂಟಸ್ತಿಕೆ ಉಂಟು.

ಈಗ ನೀವು ಹೊರಡುವುದಾದರೆ? ದಾರಿ ಮೊದಲಿನಂತಿಲ್ಲ. ಹೆದ್ದಾರಿ ಅಗಲವಾದಂತೆ ಸಾಲುಮರಗಳು ಉರುಳಿದವು. ಪಹಣಿಯಲ್ಲಿ ‘ಸರ್ಕಾರಿ ಗುಂಡುತೋಪು’ ಎಂದು ಬರೆದಿರುವ ಎಷ್ಟೋ ಜಾಗಗಳಲ್ಲಿ ಇಂದು ಮರವೇ ಇಲ್ಲ. ಕೆರೆಯ ನೀರನ್ನು ಬೊಗಸೆಯಲ್ಲಿ ಕುಡಿಯುವ ಧೈರ್ಯ ಯಾರಿಗಿದೆ? ದಾರಿ ಹೊರುತ್ತಿದ್ದ ಭಾರವೆಲ್ಲ ನಿಮ್ಮ ಬೆನ್ನಿಗೆ ಬಂದಿದೆ. ಆದುದರಿಂದ ತಲೆಗೆ ದಿನಕ್ಕೆ ಮೂರು ನಾಲ್ಕು ಲೀಟರಿನಂತೆ ನೀರನ್ನು ನೀವೇ ಒಯ್ಯಬೇಕು. ದೇವರಾಯನದುರ್ಗ ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರ. ಮಾರ್ಗಶಿರ ಪುಷ್ಯಗಳಲ್ಲಿ ಒಂದು ಕಂಬಳಿ ಹೆಚ್ಚಿಗೆ ಇರಲಿ. ಕಾಯ್ದಿಟ್ಟ ಅರಣ್ಯದಲ್ಲಿ ತಂಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯಂತೆ ಅಪರಾಧ. ಬೇಸಗೆಯಲ್ಲಿ ಒಂದು ಕಿಡಿ ಇಡೀ ಗುಡ್ಡವನ್ನು ಸುಡಬಲ್ಲದು. ಹುರಿಹಿಟ್ಟಿಗೆ ಹಿಂದೆಂದಿಗಿಂತ ಈಗಲೇ ಕೆಲಸ ಹೆಚ್ಚು. ಚಿರತೆ ಕರಡಿಗಳ ಸೀಮೆ ಇದು, ಉಳಿದ ಊಟವನ್ನು ಡೇರೆಯ ಹೊರಗೆ ಚೆಲ್ಲಬೇಡಿ. ಹಗಲಿನ ಕೋತಿಗಳ ವಿಷಯ ನಾನು ಹೇಳಬೇಕಾಗಿಲ್ಲ.

ದಾರಿಯ ಸಾಮಗ್ರಿಯೆಲ್ಲ ಅಳಿದುಹೋಯಿತೆಂದು ಮಾತ್ರ ತಿಳಿಯಬೇಡಿ. ಸಿದ್ಧಗಂಗೆಯ ದಾಸೋಹದಲ್ಲಿ ಒಲೆ ಇಂದಿಗೂ ಆರಿಲ್ಲ. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಹೋದ ತಿಮ್ಮಕ್ಕನವರು, ಪತಿ ಚಿಕ್ಕಯ್ಯನವರೊಡನೆ, ಹುಲಿಕಲ್ಲಿನಿಂದ ಕುದೂರಿನವರೆಗೆ ನಾಲ್ಕು ಕಿಲೋಮೀಟರಿಗೂ ಮಿಕ್ಕಿ ಆಲದ ಸಸಿಗಳನ್ನು ನೆಟ್ಟು, ಬಿಂದಿಗೆಗಳಲ್ಲಿ ನೀರು ಹೊತ್ತು ಬೆಳೆಸಿದರು. ಆ ಮರಗಳ ಸಂಖ್ಯೆ 385 ಎಂದು ಪ್ರಸಿದ್ಧಿ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆಯನ್ನು ಅಗಲ ಮಾಡುವ ಯೋಜನೆಯಿಂದ ಆ ಮರಗಳಿಗೆ ಕುತ್ತು ಒದಗಿ, ತಿಮ್ಮಕ್ಕನವರೇ ಮುಖ್ಯಮಂತ್ರಿಗಳನ್ನು ಕಂಡು ಅವನ್ನು ಉಳಿಸಿಕೊಡಬೇಕೆಂದು ಕೇಳಿಕೊಳ್ಳಬೇಕಾಯಿತು. ಬೇರೆ ದಾರಿ ನೋಡುವುದಾಗಿ ಆಗ ಭರವಸೆ ಸಿಕ್ಕಿತು. ಕುಣಿಗಲ್ಲಿನಿಂದ ಕುದೂರು ದೂರವೇನಲ್ಲ. ಆ ಕಡೆ ಹೋದಾಗ ಮಧ್ಯಾಹ್ನದ ಬುತ್ತಿಯನ್ನು ಆ ಆಲಗಳ ಕೆಳಗೆ ಬಿಚ್ಚಿ. ಅಷ್ಟು ಹೊತ್ತು ಡೇರೆ ಚೀಲದಲ್ಲಿಯೇ ಇರಲಿ.